ಕ್ಯಾಸಿನೊ ಪೋಕರ್ ಮತ್ತು ಇಸ್ಪೀಟು ಕ್ಲಬ್ಬುಗಳು: ಆಡುವ ಮುನ್ನ ನಾಗರಿಕರು ತಿಳಿದಿರಬೇಕಾದ ಕಾನೂನು ಮತ್ತು ಲೆಕ್ಕ

1. ಪೀಠಿಕೆ

ಬೆಂಗಳೂರು ಪಶ್ಚಿಮ ಭಾಗದ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕಾಮಾಕ್ಷಿಪಾಳ್ಯ, ಕೆಂಗೇರಿ ಉಪನಗರ ಮೊದಲಾದ ಬಡಾವಣೆಗಳಲ್ಲಿ ಮನರಂಜನಾ ಕ್ಲಬ್ಬು ಅಥವಾ ಸಂಘ ಸ್ಥಾಪಿಸಲು, ಕಟ್ಟಡವನ್ನು ಬಾಡಿಗೆಗೆ ನೀಡಲು, ಉದ್ದಿಮೆ ಪರವಾನಗಿ ಪಡೆಯಲು ಅರ್ಜಿ ಸಲ್ಲಿಸುವ ನಾಗರಿಕರು ಇಸ್ಪೀಟು ಆಟದ ಬಗ್ಗೆ, ವಿಶೇಷವಾಗಿ ಪೋಕರ್ ಆಟದ ಬಗ್ಗೆ, ಸಾಮಾನ್ಯವಾಗಿ ಎರಡು ಪ್ರಶ್ನೆಗಳನ್ನು ಕೇಳುತ್ತಾರೆ. ಮೊದಲನೆಯದು, ಈ ಆಟಕ್ಕೆ ಕಾನೂನಿನ ಅನುಮತಿ ಇದೆಯೇ ಎಂಬುದು. ಎರಡನೆಯದು, ಇದರಿಂದ ಈಗಲೂ ಹಣ ಗಳಿಸಲು ಸಾಧ್ಯವೇ ಎಂಬುದು.

ಈ ಎರಡು ಪ್ರಶ್ನೆಗಳು ಒಂದೇ ಅಲ್ಲ. ಕಾನೂನು ನಿಷೇಧಿಸಿಲ್ಲ ಎಂಬ ಒಂದೇ ಕಾರಣಕ್ಕೆ ಯಾವುದೇ ವ್ಯವಹಾರವು ಲಾಭದಾಯಕವಾಗುವುದಿಲ್ಲ. ನ್ಯಾಯಾಲಯವು ಒಂದು ಆಟವನ್ನು ಕೌಶಲದ ಆಟವೆಂದು ಪರಿಗಣಿಸಿದೆ ಎಂಬುದನ್ನು ಆ ಆಟದಿಂದ ಜೀವನ ನಡೆಸಬಹುದೆಂಬ ಭರವಸೆಯಾಗಿ ತಿಳಿದು ಕುಟುಂಬದ ಉಳಿತಾಯ, ನಿವೃತ್ತಿ ವೇತನ ಅಥವಾ ಅಂಗಡಿಯ ಬಂಡವಾಳವನ್ನು ಮೇಜಿನ ಮೇಲೆ ಇಡುವುದು ಅಪಾಯಕರ. ಆದುದರಿಂದ ಈ ಲೇಖನದಲ್ಲಿ ಮೊದಲು ಕಾನೂನಿನ ಸ್ಥಿತಿಯನ್ನೂ ನಂತರ ಹಣದ ಲೆಕ್ಕವನ್ನೂ ಪ್ರತ್ಯೇಕವಾಗಿ ವಿವರಿಸಲಾಗಿದೆ.

2. ಪೋಕರ್ ಎಂದರೆ ಯಾವ ಆಟ

ಪೋಕರ್ ಎಂಬ ಹೆಸರಿನಲ್ಲಿ ಎರಡು ಬಗೆಯ ಆಟಗಳು ನಡೆಯುತ್ತವೆ. ಇವೆರಡರ ವ್ಯತ್ಯಾಸವನ್ನು ಮೊದಲು ಗಮನಿಸತಕ್ಕದ್ದು.

(ಅ) ಆಟಗಾರರು ಪರಸ್ಪರ ಆಡುವ ಪೋಕರ್: ಇದರಲ್ಲಿ ಹೆಚ್ಚು ಪ್ರಚಲಿತವಾದುದು ಟೆಕ್ಸಾಸ್ ಹೋಲ್ಡೆಮ್. ಪ್ರತಿ ಆಟಗಾರನಿಗೆ ಎರಡು ಎಲೆಗಳನ್ನು ಹಂಚಿ, ಮೇಜಿನ ಮೇಲೆ ಎಲ್ಲರಿಗೂ ಸಾಮಾನ್ಯವಾದ ಐದು ಎಲೆಗಳನ್ನು ಹಂತ ಹಂತವಾಗಿ ತೆರೆಯಲಾಗುತ್ತದೆ. ನಾಲ್ಕು ಹಂತಗಳಲ್ಲಿ ಪಣ ಕಟ್ಟಲಾಗುತ್ತದೆ. ಆಟಗಾರನು ಯಾವಾಗ ಬೇಕಾದರೂ ಎಲೆಗಳನ್ನು ಕೆಳಗಿಟ್ಟು ಆ ಸುತ್ತಿನಿಂದ ಹಿಂದೆ ಸರಿಯಬಹುದು. ಇಲ್ಲಿ ಒಬ್ಬ ಆಟಗಾರ ಗೆಲ್ಲುವ ಹಣ ಮತ್ತೊಬ್ಬ ಆಟಗಾರ ಸೋತ ಹಣವೇ ಆಗಿರುತ್ತದೆ. ಆಟ ನಡೆಸುವ ಸಂಸ್ಥೆಯು ಪಣ ಕಟ್ಟುವುದಿಲ್ಲ. ಅದರ ಬದಲು ಪ್ರತಿ ಸುತ್ತಿನಲ್ಲಿ ಸೇರಿದ ಒಟ್ಟು ಪಣದಿಂದ ಒಂದು ಭಾಗವನ್ನು ಕಡಿತ ಮಾಡಿಕೊಳ್ಳುತ್ತದೆ. ಈ ಕಡಿತಕ್ಕೆ ರೇಕ್ ಎಂದು ಹೆಸರು.

(ಆ) ಕ್ಯಾಸಿನೊ ವಿರುದ್ಧ ಆಡುವ ಪೋಕರ್: ಮೂರೆಲೆ ಪೋಕರ್, ಕ್ಯಾಸಿನೊ ಹೋಲ್ಡೆಮ್ ಮುಂತಾದ ಆಟಗಳಲ್ಲಿ ಆಟಗಾರನ ಎದುರಾಳಿ ಕ್ಯಾಸಿನೊ ಸಂಸ್ಥೆಯೇ ಆಗಿರುತ್ತದೆ. ಗೆದ್ದವರಿಗೆ ನೀಡುವ ಮೊತ್ತದ ಪ್ರಮಾಣವನ್ನು ಸಂಸ್ಥೆಗೆ ಸದಾ ಒಂದಿಷ್ಟು ಉಳಿಯುವಂತೆ ಮೊದಲೇ ನಿಗದಿಪಡಿಸಲಾಗಿರುತ್ತದೆ.

ಎರಡನೆಯ ಬಗೆಯ ಆಟಗಳ ಲೆಕ್ಕವನ್ನು ರೂಲೆಟ್ ಚಕ್ರದ ಉದಾಹರಣೆಯಿಂದ ಸುಲಭವಾಗಿ ತಿಳಿಯಬಹುದು. ಒಂದು ಸೊನ್ನೆ ಇರುವ ಚಕ್ರದಲ್ಲಿ 37 ಅಂಕಿಗಳಿರುತ್ತವೆ. ಪ್ರತಿ ಅಂಕಿಯ ಮೇಲೂ ರೂ. 100 ಇಟ್ಟರೆ ಒಟ್ಟು ರೂ. 3,700 ಆಗುತ್ತದೆ. ಒಂದು ಅಂಕಿ ಖಚಿತವಾಗಿ ಗೆಲ್ಲುತ್ತದೆ. ಒಂದಕ್ಕೆ 35ರಂತೆ ರೂ. 3,500 ಮತ್ತು ಇಟ್ಟ ಪಣ ರೂ. 100 ಸೇರಿ ರೂ. 3,600 ಹಿಂದಿರುಗುತ್ತದೆ. ಉಳಿದ ರೂ. 100 ಸಂಸ್ಥೆಯದು, ಅಂದರೆ ಪಣದ ಶೇಕಡಾ 2.70ರಷ್ಟು. ಯಾವ ಅಂಕಿ ಬಂದರೂ ಈ ಲೆಕ್ಕ ಬದಲಾಗುವುದಿಲ್ಲ. ಪ್ರಮಾಣ ಬೇರೆಯಾದರೂ, ಕ್ಯಾಸಿನೊ ವಿರುದ್ಧದ ಎಲ್ಲ ಮೇಜಿನ ಆಟಗಳ ತತ್ವ ಇದೇ ಆಗಿದೆ. ಇಂತಹ ಆಟದಲ್ಲಿ ದೀರ್ಘಕಾಲ ಲಾಭ ಗಳಿಸುವ ವಿಧಾನ ಇದೆ ಎಂದು ಹೇಳುವವರನ್ನು ನಂಬಬಾರದು.

3. ಕರ್ನಾಟಕದಲ್ಲಿ ಅನ್ವಯವಾಗುವ ಕಾನೂನು

ರಾಜ್ಯದಲ್ಲಿ ಜೂಜನ್ನು ನಿಯಂತ್ರಿಸುವ ಮುಖ್ಯ ಕಾನೂನು ಕರ್ನಾಟಕ ಪೊಲೀಸು ಅಧಿನಿಯಮ, 1963. ಇದರ 79ನೇ ಪ್ರಕರಣವು ಜೂಜುಕಟ್ಟೆ ನಡೆಸುವವರಿಗೂ, 80ನೇ ಪ್ರಕರಣವು ಜೂಜುಕಟ್ಟೆಯಲ್ಲಿ ಆಡುವವರಿಗೂ, 87ನೇ ಪ್ರಕರಣವು ಬೀದಿ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಜೂಜಾಡುವವರಿಗೂ ಸಂಬಂಧಿಸಿದೆ. 176ನೇ ಪ್ರಕರಣವು ಶುದ್ಧ ಕೌಶಲದ ಆಟಗಳನ್ನು 79 ಮತ್ತು 80ನೇ ಪ್ರಕರಣಗಳ ವ್ಯಾಪ್ತಿಯಿಂದ ಹೊರಗಿಡುತ್ತದೆ.

ರಾಜ್ಯದಲ್ಲಿ ಪರವಾನಗಿ ಪಡೆದ ಕ್ಯಾಸಿನೊ ಒಂದೂ ಇರುವುದಿಲ್ಲ. ಕ್ಯಾಸಿನೊ ನಡೆಸಲು ಪರವಾನಗಿ ನೀಡುವ ಕಾನೂನು ಸಹ ರಾಜ್ಯದಲ್ಲಿ ಇರುವುದಿಲ್ಲ. ಆದುದರಿಂದ ಬೆಂಗಳೂರಿನ ಯಾವುದೇ ಬಡಾವಣೆಯ ಹೋಟೆಲು, ತೋಟದ ಮನೆ ಅಥವಾ ಅಪಾರ್ಟ್‌ಮೆಂಟಿನಲ್ಲಿ ಕ್ಯಾಸಿನೊ ರಾತ್ರಿ ಎಂಬ ಹೆಸರಿನಲ್ಲಿ ಹಣದ ಆಟ ಏರ್ಪಡಿಸಿ, ಅದಕ್ಕೆ ಅನುಮತಿ ಇದೆಯೆಂದು ಹೇಳಿದಲ್ಲಿ ಆ ಹೇಳಿಕೆಯನ್ನು ನಂಬತಕ್ಕದ್ದಲ್ಲ.

ಯುಗಾದಿಯ ವರ್ಷತೊಡಕು ಹಾಗೂ ದೀಪಾವಳಿಯ ದಿನಗಳಲ್ಲಿ ಹಣವಿಟ್ಟು ಇಸ್ಪೀಟು ಆಡುವ ರೂಢಿ ಹಳೆ ಮೈಸೂರು ಭಾಗದಲ್ಲಿ ಇದೆ. ಹಬ್ಬದ ದಿನಗಳಿಗೆ ಕಾನೂನಿನಲ್ಲಿ ಪ್ರತ್ಯೇಕ ವಿನಾಯಿತಿ ಇಲ್ಲವೆಂಬುದನ್ನು ಸಾರ್ವಜನಿಕರು ಗಮನಿಸಬೇಕು. ಉದ್ಯಾನ, ಖಾಲಿ ನಿವೇಶನ, ರಸ್ತೆಬದಿ ಇವು ಹಬ್ಬದ ದಿನವೂ ಸಾರ್ವಜನಿಕ ಸ್ಥಳಗಳೇ ಆಗಿರುತ್ತವೆ.

4. ನ್ಯಾಯಾಲಯಗಳ ತೀರ್ಪುಗಳು

ಕೌಶಲದ ಆಟ ಮತ್ತು ಅದೃಷ್ಟದ ಆಟ ಎಂಬ ಭೇದವನ್ನು ಸುಪ್ರೀಂ ಕೋರ್ಟು 1957ರ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 1968ರಲ್ಲಿ ಆಂಧ್ರಪ್ರದೇಶ ರಾಜ್ಯ ವಿರುದ್ಧ ಕೆ. ಸತ್ಯನಾರಾಯಣ ಪ್ರಕರಣದಲ್ಲಿ ರಮ್ಮಿಯನ್ನು ಪ್ರಧಾನವಾಗಿ ಕೌಶಲದ ಆಟವೆಂದು ಹೇಳಿತು. ಅದೇ ತೀರ್ಪಿನಲ್ಲಿ ಮೂರೆಲೆ ಆಟವು ಕೇವಲ ಅದೃಷ್ಟದ ಆಟವೆಂದೂ, ಕ್ಲಬ್ಬು ಆಟದಿಂದಲೇ ಲಾಭ ಮಾಡಿಕೊಳ್ಳುತ್ತಿದ್ದರೆ ಪರಿಸ್ಥಿತಿ ಬೇರೆಯಾಗಬಹುದೆಂದೂ ಹೇಳಲಾಗಿದೆ. ಈ ಎರಡನೆಯ ಭಾಗವನ್ನು ಅನೇಕರು ಗಮನಿಸುವುದಿಲ್ಲ.

ಪೋಕರ್ ಬಗ್ಗೆ ಕರ್ನಾಟಕ ಉಚ್ಚ ನ್ಯಾಯಾಲಯವು 2013ರಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ ಸಲ್ಲಿಸಿದ ಅರ್ಜಿಯ ಮೇಲೆ ಆದೇಶ ನೀಡಿ, ಕೌಶಲದ ಆಟವಾಗಿ ಪೋಕರ್ ಆಡುವುದಕ್ಕೆ ಪರವಾನಗಿ ಅಗತ್ಯವಿಲ್ಲವೆಂದು ತಿಳಿಸಿತು. ಇದರ ನಂತರ ಬೆಂಗಳೂರಿನಲ್ಲಿ ಪೋಕರ್ ಕ್ಲಬ್ಬುಗಳು ತೆರೆಯಲ್ಪಟ್ಟವು. ಇದಕ್ಕೆ ವಿರುದ್ಧವಾಗಿ ಗುಜರಾತ್ ಉಚ್ಚ ನ್ಯಾಯಾಲಯವು 2017ರಲ್ಲಿ ಪೋಕರ್ ಜೂಜೆಂದು ಅಭಿಪ್ರಾಯಪಟ್ಟಿತು. ಅಂದರೆ ಒಂದೇ ಆಟಕ್ಕೆ ಎರಡು ರಾಜ್ಯಗಳಲ್ಲಿ ಎರಡು ನಿಲುವುಗಳಿವೆ.

2021ರಲ್ಲಿ ರಾಜ್ಯ ಸರ್ಕಾರವು ಪೊಲೀಸು ಅಧಿನಿಯಮಕ್ಕೆ ತಿದ್ದುಪಡಿ ತಂದು, ಹಣ ಪಣವಿಟ್ಟು ಆಡುವ ಕೌಶಲದ ಆಟಗಳನ್ನೂ ನಿಷೇಧದ ವ್ಯಾಪ್ತಿಗೆ ಸೇರಿಸಿತು. ಅದು 2021ರ ಅಕ್ಟೋಬರ್ 5ರಿಂದ ಜಾರಿಗೆ ಬಂದಿತು. ಉಚ್ಚ ನ್ಯಾಯಾಲಯದ ವಿಭಾಗೀಯ ಪೀಠವು 2022ರ ಫೆಬ್ರವರಿ 14ರಂದು ಆ ತಿದ್ದುಪಡಿಯ ಪ್ರಮುಖ ಪ್ರಕರಣಗಳನ್ನು ಅಸಿಂಧುಗೊಳಿಸಿತು. ಈ ತೀರ್ಪಿನ ವಿರುದ್ಧ ರಾಜ್ಯ ಸರ್ಕಾರವು ಸುಪ್ರೀಂ ಕೋರ್ಟಿಗೆ ಮೇಲ್ಮನವಿ ಸಲ್ಲಿಸಿತು.

5. ಮೊಬೈಲಿನಲ್ಲಿ ಕಾಣುವ ಲೈವ್ ಕ್ಯಾಸಿನೊ

ಇತ್ತೀಚಿನ ವರ್ಷಗಳಲ್ಲಿ ಲೈವ್ ಕ್ಯಾಸಿನೊ ಎಂಬ ಮಾತಿಗೆ ಮತ್ತೊಂದು ಅರ್ಥ ಬಂದಿದೆ. ಬೇರೆಲ್ಲೋ ಕುಳಿತ ವ್ಯಕ್ತಿಯೊಬ್ಬರು ಎಲೆಗಳನ್ನು ಹಂಚುವ ದೃಶ್ಯವನ್ನು ಮೊಬೈಲಿನಲ್ಲಿ ನೇರವಾಗಿ ತೋರಿಸಿ, ಮನೆಯಲ್ಲಿ ಕುಳಿತವರಿಂದ ಪಣ ಕಟ್ಟಿಸಿಕೊಳ್ಳುವ ಆಟವಿದು.

ಈ ಬಗ್ಗೆ ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯನ್ನು ಅಂಗೀಕರಿಸಿದ್ದು, ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ದೊರೆತಿದೆ. ಸದರಿ ಕಾಯ್ದೆಯು ಆನ್‌ಲೈನ್ ಹಣದ ಆಟಗಳ ವಿಷಯದಲ್ಲಿ ಕೌಶಲ ಮತ್ತು ಅದೃಷ್ಟ ಎಂಬ ಭೇದವನ್ನು ಮಾಡುವುದಿಲ್ಲ. ಅಂತಹ ಆಟವನ್ನು ಒದಗಿಸುವವರಿಗೆ 3 ವರ್ಷಗಳವರೆಗೆ ಕಾರಾವಾಸ ಹಾಗೂ ಒಂದು ಕೋಟಿ ರೂಪಾಯಿಗಳವರೆಗೆ ದಂಡ, ಜಾಹೀರಾತು ನೀಡುವವರಿಗೆ 2 ವರ್ಷಗಳವರೆಗೆ ಕಾರಾವಾಸ ಹಾಗೂ 50 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ಆಟಗಾರನನ್ನು ಶಿಕ್ಷಿಸುವ ಪ್ರಕರಣ ಈ ಕಾಯ್ದೆಯಲ್ಲಿ ಇರುವುದಿಲ್ಲ. ಅಂಕಿತ ದೊರೆತ ಕೆಲವೇ ದಿನಗಳಲ್ಲಿ ದೇಶದ ಪ್ರಮುಖ ಸಂಸ್ಥೆಗಳು ಹಣದ ಪೋಕರ್ ಮತ್ತು ರಮ್ಮಿ ಆಟಗಳನ್ನು ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ವಿವಿಧ ಉಚ್ಚ ನ್ಯಾಯಾಲಯಗಳಲ್ಲಿ ಸಲ್ಲಿಕೆಯಾಗಿದ್ದ ಅರ್ಜಿಗಳನ್ನು ಸುಪ್ರೀಂ ಕೋರ್ಟು 2025ರ ಸೆಪ್ಟೆಂಬರ್‌ನಲ್ಲಿ ತನಗೆ ವರ್ಗಾಯಿಸಿಕೊಂಡಿತು.

ವಿದೇಶದಿಂದ ನಡೆಯುವ ತಾಣಗಳು ಮಾತ್ರ ಸಂದೇಶಗಳ ಮೂಲಕ ಆಟಗಾರರನ್ನು ಕರೆಯುವುದನ್ನು ಬಿಟ್ಟಿಲ್ಲ. ಅವು ಹಣವನ್ನು ಸಾಮಾನ್ಯವಾಗಿ ಸಂಬಂಧವಿಲ್ಲದ ವ್ಯಕ್ತಿಗಳ ಬ್ಯಾಂಕ್ ಖಾತೆಗಳಿಗೆ ಹಾಕಿಸಿಕೊಳ್ಳುತ್ತವೆ. ಅಂತಹ ಖಾತೆಗಳು ತನಿಖೆಗೆ ಒಳಪಟ್ಟಾಗ ಅವುಗಳೊಂದಿಗೆ ವ್ಯವಹರಿಸಿದವರ ಖಾತೆಗಳೂ ಸ್ಥಗಿತಗೊಳ್ಳುವ ಸಂಭವವಿದೆ. ಗೆದ್ದ ಹಣ ಬಾರದಿದ್ದರೆ ಕೇಳಲು ಕಚೇರಿಯಿಲ್ಲ, ವಿಳಾಸವಿಲ್ಲ. ಕಮಿಷನ್ ಆಸೆಗೆ ತಮ್ಮ ಖಾತೆ, ಎ.ಟಿ.ಎಂ. ಕಾರ್ಡು ಅಥವಾ ಸಿಮ್ ಕಾರ್ಡನ್ನು ಇತರರಿಗೆ ಬಳಸಲು ಕೊಡುವ ಯುವಕರು ಗಂಭೀರ ಅಪರಾಧ ಪ್ರಕರಣಗಳಲ್ಲಿ ಸಿಲುಕಬಹುದು ಎಂಬುದನ್ನು ಪೋಷಕರು ಮಕ್ಕಳಿಗೆ ತಿಳಿಸುವುದು ಸೂಕ್ತ.

6. ಹೊರರಾಜ್ಯದ ಕ್ಯಾಸಿನೊಗಳು

ಗೋವಾದಲ್ಲಿ 1976ರ ಸಾರ್ವಜನಿಕ ಜೂಜು ಅಧಿನಿಯಮಕ್ಕೆ ನಂತರದ ವರ್ಷಗಳಲ್ಲಿ ಮಾಡಿದ ತಿದ್ದುಪಡಿಗಳ ಮೂಲಕ ಪಂಚತಾರಾ ಹೋಟೆಲುಗಳಲ್ಲಿ ಹಾಗೂ ಹಡಗುಗಳಲ್ಲಿ ಕ್ಯಾಸಿನೊ ನಡೆಸಲು ಅವಕಾಶ ಕಲ್ಪಿಸಲಾಗಿದೆ. ಪಣಜಿಯ ಮಾಂಡೋವಿ ನದಿಯಲ್ಲಿ ನಿಂತಿರುವ ಹಡಗುಗಳು ಇಂತಹವು. ಸಿಕ್ಕಿಂ ರಾಜ್ಯದಲ್ಲಿಯೂ 2002ರ ಕಾಯ್ದೆಯಡಿ ಅವಕಾಶವಿದೆ. ಬೆಂಗಳೂರಿನ ನಾಗರಿಕರು ಅಲ್ಲಿಗೆ ಹೋಗಿ, ನಿಗದಿತ ವಯಸ್ಸಿನ ನಿಯಮಕ್ಕೆ ಒಳಪಟ್ಟು ಆಡುವುದು ಅಪರಾಧವಲ್ಲ.

ಆದರೆ ಬೆಂಗಳೂರಿನಿಂದ ಪಣಜಿಗೆ 500 ಕಿಲೋಮೀಟರಿಗೂ ಹೆಚ್ಚು ದೂರವಿದ್ದು, ಪ್ರಯಾಣ, ವಸತಿ ಮತ್ತು ಪ್ರವೇಶ ಶುಲ್ಕಗಳು ಆಟ ಆರಂಭವಾಗುವ ಮುನ್ನವೇ ಖರ್ಚಾಗಿರುತ್ತವೆ. ಪ್ರವೇಶ ಶುಲ್ಕದಲ್ಲಿ ಊಟ ಸೇರಿರುವುದು ಆಟಗಾರನು ಹೆಚ್ಚು ಹೊತ್ತು ಉಳಿಯಲಿ ಎಂಬ ಉದ್ದೇಶದಿಂದ. ಹೆಚ್ಚು ಹೊತ್ತು ಉಳಿದಷ್ಟೂ ಕಡಿತ ಹೆಚ್ಚಾಗುತ್ತದೆ. ಆ ಕಡಿತದ ಲೆಕ್ಕ ಮುಂದಿನಂತಿದೆ.

7. ಮೇಜಿನ ಕಡಿತದ ಲೆಕ್ಕ

ಕೆಳಗಿನದು ವಿವರಣೆಗಾಗಿ ಮಾಡಿಕೊಂಡ ಉದಾಹರಣೆ. ಒಂದು ಮೇಜಿನಲ್ಲಿ 9 ಆಟಗಾರರಿದ್ದು, ಪ್ರತಿಯೊಬ್ಬರೂ ರೂ. 5,000ದ ಚಿಪ್ಸ್ ಪಡೆದಿದ್ದಾರೆ ಎಂದು ಭಾವಿಸಿ. ಗಂಟೆಗೆ 25 ಸುತ್ತುಗಳು ನಡೆಯುತ್ತವೆ. ಪ್ರತಿ ಸುತ್ತಿನಲ್ಲಿ ಸರಾಸರಿ ರೂ. 2,000 ಪಣ ಸೇರುತ್ತದೆ. ಸಂಸ್ಥೆಯು ಶೇಕಡಾ 5ರಷ್ಟು ಕಡಿತ ಮಾಡುತ್ತದೆ.

- ಮೇಜಿನ ಮೇಲಿನ ಒಟ್ಟು ಹಣ: ರೂ. 45,000
- ಪ್ರತಿ ಸುತ್ತಿನ ಕಡಿತ: ರೂ. 100
- ಒಂದು ಗಂಟೆಯ ಕಡಿತ: ರೂ. 2,500
- ನಾಲ್ಕು ಗಂಟೆಗಳ ಕಡಿತ: ರೂ. 10,000
- ಮೇಜಿನಲ್ಲಿ ಉಳಿದ ಹಣ: ರೂ. 35,000

ಒಂಬತ್ತು ಜನರೂ ಸಮಾನ ಪ್ರವೀಣರೆಂದು ಭಾವಿಸಿದರೆ ನಾಲ್ಕು ಗಂಟೆಗಳ ನಂತರ ಪ್ರತಿಯೊಬ್ಬರೂ ಸರಾಸರಿ ರೂ. 1,111 ಕಳೆದುಕೊಂಡಿರುತ್ತಾರೆ. ಯಾರೂ ತಪ್ಪು ಆಡಿರುವುದಿಲ್ಲ, ಯಾರೂ ಮೋಸ ಮಾಡಿರುವುದಿಲ್ಲ. ಆದುದರಿಂದ ಲಾಭ ಗಳಿಸಲು ಇತರರಿಗಿಂತ ಚೆನ್ನಾಗಿ ಆಡಿದರೆ ಸಾಲದು. ಆ ಮೇಲುಗೈಯು ಕಡಿತವನ್ನೂ ಮೀರಿಸುವಷ್ಟು ದೊಡ್ಡದಾಗಿರಬೇಕು. ಪಣದ ಪ್ರಮಾಣ ಚಿಕ್ಕದಿರುವ ಮೇಜುಗಳಲ್ಲಿ ಈ ಭಾರ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ.

8. ತೆರಿಗೆಯ ಲೆಕ್ಕ

ಪೋಕರ್ ಆಡುವುದು ಈಗಲೂ ಲಾಭದಾಯಕವೇ ಎಂಬ ಪ್ರಶ್ನೆಗೆ ನಿರ್ಣಾಯಕ ಉತ್ತರವು ತೆರಿಗೆಯ ನಿಯಮಗಳಲ್ಲಿ ದೊರೆಯುತ್ತದೆ.

(ಅ) ಆದಾಯ ತೆರಿಗೆ: ಲಾಟರಿ, ಕುದುರೆ ಪಂದ್ಯ, ಇಸ್ಪೀಟು ಮತ್ತು ಇತರ ಆಟಗಳಲ್ಲಿ ಗೆದ್ದ ಹಣಕ್ಕೆ ಶೇಕಡಾ 30ರ ತೆರಿಗೆ ಮತ್ತು ಅದರ ಮೇಲೆ ಶೇಕಡಾ 4ರ ಸೆಸ್ ಅನ್ವಯಿಸುತ್ತದೆ. ಒಟ್ಟು ಶೇಕಡಾ 31.2. ಈ ಮೊತ್ತಕ್ಕೆ ಮೂಲ ವಿನಾಯಿತಿ ಮಿತಿಯಾಗಲೀ ಕಡಿಮೆ ದರದ ಹಂತಗಳಾಗಲೀ ಅನ್ವಯಿಸುವುದಿಲ್ಲ. ಪ್ರಯಾಣ, ವಸತಿ, ಪ್ರವೇಶ ಶುಲ್ಕಗಳನ್ನು ಖರ್ಚೆಂದು ಕಳೆಯಲು ಅವಕಾಶವಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ದಿನ ಸೋತ ಹಣವನ್ನು ಮತ್ತೊಂದು ದಿನ ಗೆದ್ದ ಹಣದಿಂದ ಕಳೆದು ತೋರಿಸಲು ಬರುವುದಿಲ್ಲ. ಗೆಲುವು ರೂ. 10,000 ಮೀರಿದರೆ ಹಣ ನೀಡುವವರು ಶೇಕಡಾ 30ರಷ್ಟನ್ನು ಮೂಲದಲ್ಲಿಯೇ ಕಡಿತ ಮಾಡಬೇಕಾಗುತ್ತದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ಒಬ್ಬ ಆಟಗಾರ ತಿಂಗಳಿಗೆ ಒಂದು ಬಾರಿಯಂತೆ ವರ್ಷದಲ್ಲಿ 12 ಬಾರಿ ಆಡುತ್ತಾನೆ. ಆರು ಬಾರಿ ತಲಾ ರೂ. 20,000 ಗೆಲ್ಲುತ್ತಾನೆ, ಆರು ಬಾರಿ ತಲಾ ರೂ. 15,000 ಸೋಲುತ್ತಾನೆ.

- ಒಟ್ಟು ಗೆಲುವು: ರೂ. 1,20,000
- ಒಟ್ಟು ಸೋಲು: ರೂ. 90,000
- ಆಟದಲ್ಲಿ ಉಳಿದದ್ದು: ರೂ. 30,000
- ರೂ. 1,20,000ದ ಮೇಲೆ ತೆರಿಗೆ ಮತ್ತು ಸೆಸ್: ರೂ. 37,440
- ವರ್ಷದ ಕೊನೆಗೆ ನಿವ್ವಳ ನಷ್ಟ: ರೂ. 7,440

ಈ ಆಟಗಾರ ಮೇಜಿನಲ್ಲಿ ಗೆದ್ದವನೇ ಆಗಿದ್ದಾನೆ. ಆದರೂ ಮನೆಗೆ ನಷ್ಟವನ್ನೇ ತಂದಿದ್ದಾನೆ. ಪ್ರಯಾಣದ ಖರ್ಚನ್ನು ಇಲ್ಲಿ ಸೇರಿಸಿಲ್ಲ. ದಿನಸಿ ಅಂಗಡಿ ನಡೆಸುವವರು ಒಂದು ತಿಂಗಳ ನಷ್ಟವನ್ನು ಮತ್ತೊಂದು ತಿಂಗಳ ಲಾಭದಲ್ಲಿ ಹೊಂದಿಸಿ, ಉಳಿದದ್ದಕ್ಕೆ ಮಾತ್ರ ತೆರಿಗೆ ಕಟ್ಟುತ್ತಾರೆ. ಇಸ್ಪೀಟಿನ ಗೆಲುವಿಗೆ ಆ ಸೌಲಭ್ಯವಿಲ್ಲ. ಆದುದರಿಂದ ಇದನ್ನು ವ್ಯಾಪಾರಕ್ಕೆ ಹೋಲಿಸುವುದು ಸರಿಯಲ್ಲ.

ತೆರಿಗೆ ಕಟ್ಟದೆ ಆಡುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲವೆಂದು ಕೆಲವರು ಹೇಳುತ್ತಾರೆ. ಗೆಲುವನ್ನು ಘೋಷಿಸದಿರುವುದು ತೆರಿಗೆ ತಪ್ಪಿಸುವುದೇ ಆಗಿದ್ದು, ಬಡ್ಡಿ ಮತ್ತು ದಂಡಕ್ಕೆ ಗುರಿಯಾಗಬೇಕಾಗುತ್ತದೆ. ನಿಯಮ ಮೀರಿದಾಗ ಮಾತ್ರ ಲಾಭ ಕಾಣುವ ವ್ಯವಹಾರವನ್ನು ಲಾಭದಾಯಕವೆಂದು ಕರೆಯಲಾಗದು.

(ಆ) ಸರಕು ಮತ್ತು ಸೇವಾ ತೆರಿಗೆ: ಕ್ಯಾಸಿನೊ ಮತ್ತು ಆನ್‌ಲೈನ್ ಹಣದ ಆಟಗಳಲ್ಲಿ ತೊಡಗಿಸುವ ಪೂರ್ಣ ಮೊತ್ತದ ಮೇಲೆ 2023ರ ಅಕ್ಟೋಬರ್ 1ರಿಂದ ಶೇಕಡಾ 28ರ ತೆರಿಗೆ ಜಾರಿಗೆ ಬಂದಿತು. 2025ರ ಸೆಪ್ಟೆಂಬರ್ 22ರಿಂದ ಈ ದರವನ್ನು ಶೇಕಡಾ 40ಕ್ಕೆ ಏರಿಸಲಾಯಿತು. ಕ್ಯಾಸಿನೊದಲ್ಲಿ ಚಿಪ್ಸ್ ಖರೀದಿಗೆ ನೀಡಿದ ಮೊತ್ತವೇ ತೆರಿಗೆಯ ಆಧಾರ. ಆಡದೆ ಉಳಿದ ಚಿಪ್ಸ್ ಹಿಂದಿರುಗಿಸಿ ಹಣ ಪಡೆದರೂ ತೆರಿಗೆಯ ಆಧಾರ ಕಡಿಮೆಯಾಗುವುದಿಲ್ಲ. ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲಿ ಮಾಡಿದಲ್ಲಿ ರೂ. 10,000ದ ಚಿಪ್ಸ್‌ಗೆ ರೂ. 14,000 ತೆರಬೇಕು. ಸಂಸ್ಥೆಯೇ ಅದನ್ನು ಭರಿಸುತ್ತೇವೆಂದು ಹೇಳಿದರೂ, ಆ ಹಣವನ್ನು ಪ್ರವೇಶ ಶುಲ್ಕ, ಕಡಿತ ಅಥವಾ ಗೆಲುವಿನ ಪ್ರಮಾಣದಲ್ಲಿ ಹೊಂದಿಸಿಕೊಳ್ಳದೆ ಅದಕ್ಕೆ ಬೇರೆ ದಾರಿ ಇರುವುದಿಲ್ಲ.

9. ಕೌಶಲದಿಂದ ಗೆಲ್ಲಬಹುದೇ

ಪೋಕರ್ ಆಟದಲ್ಲಿ ಕೌಶಲಕ್ಕೆ ಸ್ಥಾನವಿದೆ ಎಂಬುದು ನಿಜ. ಎದುರಾಳಿಯನ್ನು ಅರಿಯುವುದು, ಸಂಭವನೀಯತೆಯ ಲೆಕ್ಕ, ತಕ್ಕ ಸಮಯದಲ್ಲಿ ಹಿಂದೆ ಸರಿಯುವ ಸಂಯಮ ಇವು ಅಭ್ಯಾಸದಿಂದ ಬರುತ್ತವೆ. ಆದರೆ ಕೌಶಲವು ಫಲ ಕೊಡಲು ಬಹಳ ಹೆಚ್ಚು ಸುತ್ತುಗಳು ಬೇಕಾಗುತ್ತವೆ.

52 ಎಲೆಗಳಿಂದ ಎರಡು ಎಲೆಗಳನ್ನು 1,326 ವಿಧಗಳಲ್ಲಿ ಪಡೆಯಬಹುದು. ಅವುಗಳಲ್ಲಿ ಎರಡೂ ಎಕ್ಕಗಳಾಗಿರುವ ವಿಧಗಳು 6 ಮಾತ್ರ. ಅಂದರೆ ಅತ್ಯುತ್ತಮ ಜೋಡಿಯು ಸರಾಸರಿ 221 ಸುತ್ತುಗಳಿಗೆ ಒಮ್ಮೆ ಬರುತ್ತದೆ. ಗಂಟೆಗೆ 25 ಸುತ್ತುಗಳಂತೆ ಆಡಿದರೆ ಅದಕ್ಕಾಗಿ ಸರಾಸರಿ ಸುಮಾರು 9 ಗಂಟೆ ಕಾಯಬೇಕು. ಬಂದಾಗಲೂ ಗೆಲುವು ಖಚಿತವಲ್ಲ. ವಾರಕ್ಕೆ ನಾಲ್ಕು ಗಂಟೆ ಆಡುವವರು ವರ್ಷಕ್ಕೆ ಸುಮಾರು 5,200 ಸುತ್ತುಗಳನ್ನು ಆಡುತ್ತಾರೆ. ಇಷ್ಟು ಕಡಿಮೆ ಸುತ್ತುಗಳಲ್ಲಿ ಒಳ್ಳೆಯ ಆಟಗಾರನೂ ಇಡೀ ವರ್ಷ ಸೋಲಬಹುದು, ಸಾಧಾರಣ ಆಟಗಾರನೂ ಗೆಲ್ಲಬಹುದು. ಹಾಗೆ ಗೆದ್ದ ಸಾಧಾರಣ ಆಟಗಾರನು ತನ್ನ ಅದೃಷ್ಟವನ್ನು ಕೌಶಲವೆಂದು ತಿಳಿದು ಮುಂದಿನ ವರ್ಷ ದೊಡ್ಡ ಪಣದ ಮೇಜಿಗೆ ಹೋಗುವುದರಿಂದಲೇ ಹೆಚ್ಚಿನ ಹಾನಿ ಸಂಭವಿಸುತ್ತದೆ.

10. ಸಾಲ, ಚೆಕ್ಕು ಮತ್ತು ಬಾಜಿಯ ಹಣ

ಭಾರತೀಯ ಕರಾರು ಅಧಿನಿಯಮ, 1872ರ 30ನೇ ಪ್ರಕರಣದಂತೆ ಬಾಜಿಯ ಕರಾರು ಶೂನ್ಯ. ಬಾಜಿಯಲ್ಲಿ ಗೆದ್ದ ಹಣವನ್ನು ಕೊಡಿಸಿಕೊಡುವಂತೆ ದಾವೆ ಹೂಡಲು ಬರುವುದಿಲ್ಲ. ಆದರೆ ಆಡುವ ಸಲುವಾಗಿ ಮೂರನೆಯವರಿಂದ ಪಡೆದ ಸಾಲವು ಬೇರೆ ವಿಷಯ. ಸಾಲಪತ್ರ, ಸಹಿ ಮಾಡಿದ ಖಾಲಿ ಚೆಕ್ಕು, ಮನೆಯ ಪತ್ರ ಅಥವಾ ವಾಹನದ ದಾಖಲೆಯನ್ನು ಒತ್ತೆ ಇಟ್ಟವರು, ಅದು ಆಟದ ಸಾಲವಾದ್ದರಿಂದ ತೀರಿಸಬೇಕಾಗಿಲ್ಲ ಎಂದು ಭಾವಿಸಬಾರದು. ಕ್ಲಬ್ಬಿನ ಬಾಗಿಲಲ್ಲಿ ದಿನದ ಬಡ್ಡಿಗೆ ಹಣ ನೀಡುವವರ ಬಗ್ಗೆ ಎಚ್ಚರಿಕೆ ಅಗತ್ಯ. ವಿಪರೀತ ಬಡ್ಡಿ ವಸೂಲಿಯನ್ನು ರಾಜ್ಯದ 2004ರ ಅಧಿನಿಯಮವು ನಿಷೇಧಿಸಿದ್ದು, ಕಿರುಕುಳಕ್ಕೆ ಒಳಗಾದವರು ಪೊಲೀಸರಿಗೆ ದೂರು ನೀಡಬಹುದು.

11. ಕ್ಲಬ್ಬು ಸ್ಥಾಪಿಸುವವರು ಹಾಗೂ ಕಟ್ಟಡ ಮಾಲೀಕರು ಗಮನಿಸಬೇಕಾದ ಅಂಶಗಳು

(1) ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ, 1960ರಡಿ ಕನಿಷ್ಠ ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ನೋಂದಣಿ ಪ್ರಮಾಣಪತ್ರವು ಹಣದ ಆಟ ನಡೆಸಲು ನೀಡಿದ ಅನುಮತಿ ಅಲ್ಲ.

(2) ನಗರ ಪಾಲಿಕೆಯ ಉದ್ದಿಮೆ ಪರವಾನಗಿಗೂ ಇದೇ ಮಾತು ಅನ್ವಯಿಸುತ್ತದೆ. 2025ರ ಸೆಪ್ಟೆಂಬರ್ 2ರಿಂದ ಬೆಂಗಳೂರಿನಲ್ಲಿ ಐದು ನಗರ ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ಕಟ್ಟಡವು ಯಾವ ಪಾಲಿಕೆಯ ವ್ಯಾಪ್ತಿಯಲ್ಲಿದೆ ಎಂಬುದನ್ನು ಖಚಿತಪಡಿಸಿಕೊಂಡು ಅರ್ಜಿ ಸಲ್ಲಿಸತಕ್ಕದ್ದು.

(3) ರಮ್ಮಿ ಅಥವಾ ಪೋಕರ್ ಹೆಸರಿನಲ್ಲಿ ತೆರೆದ ಕ್ಲಬ್ಬಿನಲ್ಲಿ ಅಂದರ್ ಬಾಹರ್ ಅಥವಾ ಮೂರೆಲೆ ಆಟ ನಡೆದರೆ ಕೌಶಲದ ಆಟಕ್ಕೆ ಇರುವ ರಕ್ಷಣೆ ದೊರೆಯುವುದಿಲ್ಲ. ದಾಳಿಯ ಸಮಯದಲ್ಲಿ ಫಲಕದಲ್ಲಿ ಏನು ಬರೆದಿದೆ ಎಂಬುದಲ್ಲ, ಮೇಜಿನ ಮೇಲೆ ಏನು ನಡೆಯುತ್ತಿತ್ತು ಎಂಬುದೇ ಮುಖ್ಯವಾಗುತ್ತದೆ.

(4) ಕಟ್ಟಡದಲ್ಲಿ ಜೂಜು ನಡೆಯುವುದನ್ನು ತಿಳಿದೂ ಅವಕಾಶ ನೀಡಿದ ಮಾಲೀಕರು ಹೊಣೆಗಾರರಾಗುತ್ತಾರೆ. ಮನೆಯ ಮಹಡಿಯನ್ನು ಅಥವಾ ಹಳೆಯ ಕಾರ್ಖಾನೆಯ ಷೆಡ್ಡನ್ನು ಮಾರುಕಟ್ಟೆ ದರಕ್ಕಿಂತ ಹೆಚ್ಚಿನ ಬಾಡಿಗೆಗೆ ಕೇಳಿದಾಗ, ಉಪಯೋಗದ ಉದ್ದೇಶವನ್ನು ಬಾಡಿಗೆ ಕರಾರಿನಲ್ಲಿ ಸ್ಪಷ್ಟವಾಗಿ ನಮೂದಿಸುವುದು ಸೂಕ್ತ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮನೆಯಲ್ಲಿ ಸ್ನೇಹಿತರು ಹಣವಿಲ್ಲದೆ ಇಸ್ಪೀಟು ಆಡಬಹುದೇ?
ಉತ್ತರ: ಆಡಬಹುದು. ಪಣವಿಲ್ಲದ ಆಟಕ್ಕೆ ಯಾವ ಅಡ್ಡಿಯೂ ಇಲ್ಲ.

ಪ್ರಶ್ನೆ: ಮನೆಯಲ್ಲಿ ಪಣವಿಟ್ಟು ಆಡಿಸಿ, ಕಾಫಿ ತಿಂಡಿಯ ಖರ್ಚೆಂದು ಪ್ರತಿ ಸುತ್ತಿನಿಂದ ಹಣ ತೆಗೆದುಕೊಳ್ಳಬಹುದೇ?
ಉತ್ತರ: ಮನೆಯವರು ಆಟದಿಂದ ಲಾಭ ಪಡೆದರೆ ಆ ಮನೆಯನ್ನು ಜೂಜುಕಟ್ಟೆ ಎಂದು ಪರಿಗಣಿಸುವ ಸಾಧ್ಯತೆ ಇದೆ. ಆದುದರಿಂದ ತೆಗೆದುಕೊಳ್ಳಬಾರದು.

ಪ್ರಶ್ನೆ: ಪೋಕರ್ ಕೌಶಲದ ಆಟವೆಂದು ನ್ಯಾಯಾಲಯ ಹೇಳಿರುವಾಗ ತೆರಿಗೆ ಏಕೆ?
ಉತ್ತರ: ಆದಾಯ ತೆರಿಗೆಯ ನಿಯಮದಲ್ಲಿ ಇಸ್ಪೀಟು ಹಾಗೂ ಯಾವುದೇ ಬಗೆಯ ಇತರ ಆಟಗಳು ಎಂದು ಹೇಳಲಾಗಿದೆ. ಅಪರಾಧವಲ್ಲ ಎಂಬುದಕ್ಕೂ ತೆರಿಗೆ ಇಲ್ಲ ಎಂಬುದಕ್ಕೂ ಸಂಬಂಧವಿಲ್ಲ.

ಪ್ರಶ್ನೆ: ಹಾಗಾದರೆ ಗೋವಾ ಪ್ರವಾಸದಲ್ಲಿ ಒಮ್ಮೆ ಆಡುವುದೂ ತಪ್ಪೇ?
ಉತ್ತರ: ಅಲ್ಲಿನ ಕಾನೂನಿನಂತೆ ತಪ್ಪಲ್ಲ. ನಾಟಕ ಅಥವಾ ಸಿನಿಮಾ ಟಿಕೆಟ್ಟಿನ ಹಣ ಹಿಂದಿರುಗುವುದಿಲ್ಲವೆಂದು ತಿಳಿದೇ ಕೊಡುವಂತೆ, ಮೊದಲೇ ನಿಗದಿಪಡಿಸಿದ, ಕಳೆದರೂ ಮನೆಗೆ ತೊಂದರೆಯಾಗದ ಹಣದಲ್ಲಿ ಮಾತ್ರ ಆಡುವುದು ಕ್ಷೇಮ. ಸೋತದ್ದನ್ನು ಮರಳಿ ಪಡೆಯಲು ಮತ್ತೆ ಚಿಪ್ಸ್ ಕೊಳ್ಳಬಾರದು.

13. ಸಹಾಯ ಪಡೆಯುವ ಬಗೆ

ಜೂಜಿನ ಗೀಳನ್ನು ವಿಶ್ವ ಆರೋಗ್ಯ ಸಂಸ್ಥೆಯು ಚಿಕಿತ್ಸೆ ಅಗತ್ಯವಿರುವ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. ಸೋಲನ್ನು ಮನೆಯವರಿಂದ ಮುಚ್ಚಿಡುವುದು, ಆಡಲು ಸಾಲ ಮಾಡುವುದು, ಆಟ ಬಿಟ್ಟಾಗ ಚಡಪಡಿಸುವುದು, ಮಕ್ಕಳ ಶುಲ್ಕ ಅಥವಾ ಚೀಟಿಯ ಕಂತಿಗಿಟ್ಟ ಹಣವನ್ನು ಬಳಸುವುದು ಇದರ ಲಕ್ಷಣಗಳು. ಇಂತಹವರನ್ನು ನಿಂದಿಸುವುದರಿಂದ ಪ್ರಯೋಜನವಿಲ್ಲ. ಅವರು ಇನ್ನೂ ದೊಡ್ಡ ಪಣದಿಂದ ಒಮ್ಮೆಗೇ ಸಾಲ ತೀರಿಸಲು ಹೊರಡುವ ಮುನ್ನ ಮನೆಯವರು ಸಾಲದ ಪೂರ್ಣ ಪಟ್ಟಿಯನ್ನು ಒಟ್ಟಾಗಿ ಕುಳಿತು ಬರೆಯುವುದು ಮೊದಲ ಹೆಜ್ಜೆ.

- ಮಾನಸಿಕ ಆರೋಗ್ಯ ಸಲಹೆಗಾಗಿ ಟೆಲಿ ಮನಸ್ ಉಚಿತ ಸಹಾಯವಾಣಿ: 14416
- ಆನ್‌ಲೈನ್ ಹಣಕಾಸು ವಂಚನೆಯ ದೂರಿಗೆ: 1930
- ಬೆದರಿಕೆ, ಹಲ್ಲೆ ಮುಂತಾದ ತುರ್ತು ಸಂದರ್ಭಗಳಿಗೆ: 112
- ಮೊಬೈಲ್ ಹಾಗೂ ಅಂತರ್ಜಾಲದ ಅತಿಬಳಕೆಗೆ ಸಂಬಂಧಿಸಿದ ಚಿಕಿತ್ಸೆಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಶಟ್ ಕ್ಲಿನಿಕ್ ಇದೆ.

ಹಣ ವಂಚನೆಯಾದಲ್ಲಿ ವಿಳಂಬ ಮಾಡದೆ 1930ಕ್ಕೆ ಕರೆ ಮಾಡಿದರೆ ವರ್ಗಾವಣೆಯನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ತಾನೂ ಆಡಿದ್ದೇನೆಂಬ ಸಂಕೋಚದಿಂದ ದೂರು ನೀಡದೆ ಇರಬಾರದು.

14. ಸಾರಾಂಶ

ಆಟಗಾರರು ಪರಸ್ಪರ ಆಡುವ ಪೋಕರ್ ಆಟವನ್ನು ಕೌಶಲದ ಆಟವಾಗಿ ಆಡಿದಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದ ಆದೇಶದ ರಕ್ಷಣೆ ಇದೆ. ರಾಜ್ಯದಲ್ಲಿ ಕ್ಯಾಸಿನೊಗೆ ಅವಕಾಶವಿಲ್ಲ. ಆನ್‌ಲೈನ್ ಹಣದ ಪೋಕರ್ ಒದಗಿಸುವುದಕ್ಕೆ 2025ರ ಕಾಯ್ದೆಯಲ್ಲಿ ನಿಷೇಧವಿದೆ. ಹೊರರಾಜ್ಯದ ಕ್ಯಾಸಿನೊದಲ್ಲಿ ಆಡಲು ಅವಕಾಶವಿದ್ದರೂ ಕಡಿತ, ಸರಕು ಮತ್ತು ಸೇವಾ ತೆರಿಗೆ, ಆದಾಯ ತೆರಿಗೆ ಹಾಗೂ ಪ್ರಯಾಣದ ಖರ್ಚುಗಳನ್ನು ಸೇರಿಸಿದಾಗ, ಮೇಜಿನಲ್ಲಿ ಗೆಲ್ಲುವವರಿಗೂ ಕೈಯಲ್ಲಿ ಹಣ ಉಳಿಯುವುದು ಕಷ್ಟ. ಆದುದರಿಂದ ಇದನ್ನು ಖರ್ಚಿನ ಬಾಬ್ತಿನಲ್ಲಿ ಬರೆದುಕೊಳ್ಳಬಹುದೇ ವಿನಾ ವರಮಾನದ ಬಾಬ್ತಿನಲ್ಲಿ ಅಲ್ಲ.

ಕ್ಲಬ್ಬು, ಸಂಘ ಅಥವಾ ಕಟ್ಟಡಕ್ಕೆ ಸಂಬಂಧಿಸಿ ಅರ್ಜಿ ಸಲ್ಲಿಸುವ ಮುನ್ನ ಅರ್ಜಿದಾರರು ಮೇಲ್ಕಂಡ ಅಂಶಗಳನ್ನು ಓದಿ, ಸಂದೇಹವಿದ್ದಲ್ಲಿ ಸಂಬಂಧಪಟ್ಟ ಕಚೇರಿಯಲ್ಲಿ ಕೆಲಸದ ವೇಳೆಯಲ್ಲಿ ವಿಚಾರಿಸಲು ಕೋರಲಾಗಿದೆ. ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ ಇದ್ದು, ನಿರ್ದಿಷ್ಟ ಪ್ರಕರಣಗಳಲ್ಲಿ ಅಧಿನಿಯಮ ಮತ್ತು ನಿಯಮಗಳ ಮೂಲ ಪಾಠವೇ ಅಂತಿಮವಾಗಿರುತ್ತದೆ.